ಹಂಚುವುದು ಅಗ್ಗ, ಕೂಡಿಸುವುದು ದುಬಾರಿ: ಮಿಡಿ ಜೋಡಣೆಗೆ ಎಷ್ಟು ಖರ್ಚು ಮಾಡಬೇಕು?

ಪ್ರಶ್ನೆ: ನಮ್ಮದು ರಾಣೆಬೆನ್ನೂರು ಕಡೆಯ ಆರು ಜನರ ಆರ್ಕೆಸ್ಟ್ರಾ. ಗಣೇಶನ ಹಬ್ಬ, ಜಾತ್ರೆ, ಆರತಕ್ಷತೆಗಳಲ್ಲಿ ರಸಮಂಜರಿ ಕಾರ್ಯಕ್ರಮ ಕೊಡುತ್ತೇವೆ. ಐದು ಪಿನ್ನಿನ ಮಿಡಿ (ವಾದ್ಯಗಳು ಒಂದಕ್ಕೊಂದು ಸುದ್ದಿ ಕಳುಹಿಸುವ ಜೋಡಣೆ) ಇರುವ ಕೀಬೋರ್ಡ್, ರೋಲ್ಯಾಂಡ್ ಎಸ್‌ಪಿಡಿ-20 ಆಕ್ಟೊಪ್ಯಾಡ್, ಸೆಕೆಂಡ್ ಹ್ಯಾಂಡ್ ಕೊಂಡ ಸೌಂಡ್ ಮಾಡ್ಯೂಲ್ (ಕೀಲಿಗಳಿಲ್ಲದೆ ಸ್ವರ ಮಾತ್ರ ಹೊರಡಿಸುವ ಪೆಟ್ಟಿಗೆ), ಯುಎಸ್‌ಬಿ ಮಾತ್ರ ಇರುವ 25 ಕೀಲಿಯ ಪುಟ್ಟ ಕೀಬೋರ್ಡ್, ಒಂದು ಲ್ಯಾಪ್‌ಟಾಪ್ ಇವೆ. ಕೀಬೋರ್ಡ್ ಮತ್ತು ಪ್ಯಾಡ್ ಎರಡರಿಂದಲೂ ಮಾಡ್ಯೂಲ್ ನುಡಿಸಬೇಕು, ಅದು ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡ್ ಕೂಡ ಆಗಬೇಕು. ನಾನೂರು ರೂಪಾಯಿಯ ಯುಎಸ್‌ಬಿ ಮಿಡಿ ಕೇಬಲ್ ತಂದೆ. ಒಮ್ಮೊಮ್ಮೆ ಸ್ವರ ನಿಲ್ಲದೆ ಎಳೆಯುತ್ತದೆ, ಒಮ್ಮೊಮ್ಮೆ ಎಲ್ಲ ಸದ್ದೂ ತಟ್ಟನೆ ನಿಲ್ಲುತ್ತದೆ, ಸ್ಪೀಕರಿನಲ್ಲಿ ಗುಂಯ್ ಎನ್ನುವುದು ಬೇರೆ. ಮಿಡಿಯನ್ನು ಲ್ಯಾಪ್‌ಟಾಪಿಗೆ ಸೇರಿಸುವ ಒಳ್ಳೆಯ ಇಂಟರ್‌ಫೇಸ್ ಮತ್ತು ಜೊತೆಯ ಪೆಟ್ಟಿಗೆಗಳಿಗೆ ಅಂಗಡಿಯಲ್ಲಿ ಇಪ್ಪತ್ತು ಸಾವಿರ ಹೇಳುತ್ತಿದ್ದಾರೆ. ಅಷ್ಟು ಸುರಿಯದೆ ಆಗುವುದಿಲ್ಲವೇ?

ಉತ್ತರ: ಆಗುತ್ತದೆ. ಇಪ್ಪತ್ತು ಸಾವಿರದ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಒಂದು ಹಾಳೆ ತೆಗೆದುಕೊಂಡು ನಿಮ್ಮ ಐದು ಸಾಧನಗಳನ್ನು ಐದು ಚೌಕಗಳಾಗಿ ಬರೆಯಿರಿ. ಯಾರು ಹೇಳುವವರು, ಯಾರು ಕೇಳುವವರು ಎಂದು ಬಾಣ ಹಾಕಿ. ಒಂದು ಬಾಣ ಕವಲೊಡೆದು ಎರಡು ಚೌಕಗಳಿಗೆ ಹೋಗುವ ಜಾಗದಲ್ಲಿ ಖರ್ಚು ಅತ್ಯಲ್ಪ. ಎರಡು ಬಾಣಗಳು ಬಂದು ಒಂದೇ ಚೌಕಕ್ಕೆ ನುಗ್ಗುವ ಜಾಗದಲ್ಲಿ ಮಾತ್ರ ಜೇಬಿಗೆ ಕೈ ಹಾಕಬೇಕು. ನಿಮ್ಮ ಚಿತ್ರದಲ್ಲಿ ಅಂಥ ಜಾಗ ಒಂದೇ ಇದೆ: ಮಾಡ್ಯೂಲಿಗೆ ಸುದ್ದಿ ಒಳಬರುವ ಇನ್ ಸಾಕೆಟ್. ಹೆಚ್ಚಿನವರು ಈ ಚಿತ್ರ ಬರೆಯದೆ ಅಂಗಡಿಗೆ ಹೋಗುತ್ತಾರೆ, ಎಂಟು ಇನ್ ಎಂಟು ಔಟ್ ಇರುವ ಪೆಟ್ಟಿಗೆ ಹೊತ್ತು ತರುತ್ತಾರೆ, ಅದರಲ್ಲಿ ಆರು ಸಾಕೆಟ್ಟುಗಳಲ್ಲಿ ಜೇಡ ಬಲೆ ಕಟ್ಟುತ್ತದೆ.

ಮಿಡಿ ಹುಟ್ಟಿದ್ದೇ ಅಗ್ಗದ ವಸ್ತುವಾಗಿ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ವಾದ್ಯಮೇಳದಲ್ಲಿ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ ಕಂಪನಿಯ ಪ್ರಾಫೆಟ್-600 ಮತ್ತು ರೋಲ್ಯಾಂಡಿನ ಜುಪಿಟರ್-6 ಸಿಂಥಸೈಜರುಗಳನ್ನು ಜೋಡಿಸಿ ತೋರಿಸಿದರು. ಒಂದರ ಕೀಲಿ ಒತ್ತಿದರೆ ಇನ್ನೊಂದು ನುಡಿಯಿತು. ಇದರ ಹಿಂದಿದ್ದ ಡೇವ್ ಸ್ಮಿತ್ ಮತ್ತು ಇಕುತಾರೊ ಕಾಕೆಹಾಶಿ ಅವರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಸಿಕ್ಕಿತು. ಎದುರಾಳಿ ಕಂಪನಿಗಳೆಲ್ಲ ಒಪ್ಪಬೇಕಾದರೆ ವಸ್ತು ಅಗ್ಗವಾಗಿರಬೇಕಿತ್ತು. ಹಾಗಾಗಿ ಟೇಪ್ ರೆಕಾರ್ಡರುಗಳಲ್ಲಿ ಆಗಲೇ ಬಳಕೆಯಲ್ಲಿದ್ದ ಡಿನ್ ಎಂಬ ಐದು ಪಿನ್ನಿನ ದುಂಡು ಪ್ಲಗ್ಗನ್ನು ಆರಿಸಿಕೊಂಡರು. ಐದು ಪಿನ್ನುಗಳಲ್ಲಿ ಕೆಲಸ ಮೂರಕ್ಕೆ ಮಾತ್ರ. 4 ಮತ್ತು 5 ಸಂದೇಶ ಹೊರುತ್ತವೆ, ನಡುವಿನ 2 ಕೇಬಲ್ಲಿನ ಜಾಲರಿಗೆ ಸೇರುತ್ತದೆ. 1 ಮತ್ತು 3 ನಲವತ್ತು ವರ್ಷದಿಂದ ಖಾಲಿ ಕುಳಿತಿವೆ.

ಈ ತಂತಿಯಲ್ಲಿ ಧ್ವನಿ ಹರಿಯುವುದಿಲ್ಲ. 'ಇಂಥ ಚಾನೆಲ್ಲಿನಲ್ಲಿ, ಇಂಥ ಕೀಲಿ, ಇಷ್ಟು ಬಲವಾಗಿ ಒತ್ತಲಾಯಿತು' ಎಂಬ ಮೂರು ಬೈಟುಗಳ ಸುದ್ದಿ ಹರಿಯುತ್ತದೆ. ವೇಗ ಸೆಕೆಂಡಿಗೆ 31,250 ಬಿಟ್. ಒಂದು ಸ್ವರದ ಸುದ್ದಿ ತಲುಪಲು ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ಬೇಕು. ಸುದ್ದಿ ಹೋಗುವ ಬಗೆ ಗಮನಿಸಿ. ಕಳುಹಿಸುವ ಸಾಧನ ಸುಮಾರು 5 ಮಿಲಿಆಂಪಿಯರ್ ವಿದ್ಯುತ್ತನ್ನು ಹರಿಸಿ ನಿಲ್ಲಿಸುತ್ತದೆ. ಸ್ವೀಕರಿಸುವ ಸಾಧನದ ಒಳಗೆ ಆಪ್ಟೊಕಪ್ಲರ್ ಎಂಬ ಪುಟ್ಟ ಚಿಪ್ ಇರುತ್ತದೆ. ಅದರಲ್ಲಿ ಒಂದು ದೀಪ, ಎದುರಿಗೆ ಬೆಳಕು ಕಂಡರೆ ಎಚ್ಚರಗೊಳ್ಳುವ ಒಂದು ಕಣ್ಣು. ದೀಪ ಮಿನುಗುತ್ತದೆ, ಕಣ್ಣು ಓದುತ್ತದೆ. ಎರಡು ಸಾಧನಗಳ ನಡುವೆ ತಂತಿಯ ನೇರ ಸಂಬಂಧವೇ ಇಲ್ಲ, ಬೆಳಕಿನದು ಮಾತ್ರ. ಈ ಒಂದು ಮಾತು ನೆನಪಿದ್ದರೆ ನಿಮ್ಮ ಅರ್ಧ ತೊಂದರೆಗೆ ಕಾರಣ ತಾನಾಗಿ ಕಾಣುತ್ತದೆ.

ಈಗ ನಾನೂರು ರೂಪಾಯಿಯ ಕೇಬಲ್ಲಿಗೆ ಬರೋಣ. ಅಂಥದ್ದೊಂದನ್ನು ನಾನೂ ಕೊಂಡಿದ್ದೆ, ಕೋಪ ಬಂದಾಗ ಬಿಚ್ಚಿಯೂ ನೋಡಿದೆ. ಕಪ್ಪು ಪ್ಲಾಸ್ಟಿಕ್ ಡಬ್ಬಿಯ ಅಂಚಿಗೆ ಸ್ಕ್ರೂಡ್ರೈವರ್ ತೂರಿಸಿ ತಿರುಗಿಸಿದಾಗ ಟಪ್ಪೆಂದು ತೆರೆದುಕೊಂಡಿತು. ಒಳಗೆ ಹೆಬ್ಬೆರಳಿನ ಉಗುರಿನಷ್ಟು ಹಸಿರು ಹಲಗೆ, ಒಂದು ಚಿಪ್, ಒಂದು ಕ್ರಿಸ್ಟಲ್, ನಾಲ್ಕಾರು ರೆಸಿಸ್ಟರ್, ತಂತಿಗಳು ಕೀಳದಂತೆ ಸುರಿದ ಅಂಟಿನ ಮುದ್ದೆ. ಆಪ್ಟೊಕಪ್ಲರ್ ಇರಬೇಕಾದ ಜಾಗದಲ್ಲಿ ಆರು ಸಣ್ಣ ತೂತುಗಳು ಬಾಯಿ ತೆರೆದುಕೊಂಡಿದ್ದವು. ವಿನ್ಯಾಸ ಮಾಡಿದವನಿಗೆ ಅದು ಬೇಕೆಂದು ಗೊತ್ತಿತ್ತು, ತಯಾರಿಸಿದವನಿಗೆ ಹತ್ತಿಪ್ಪತ್ತು ರೂಪಾಯಿ ಉಳಿಸಬೇಕಿತ್ತು.

ನಿಮ್ಮ ಗುಂಯ್ ಸದ್ದಿಗೆ ಇದೇ ಕಾರಣವಿರಬಹುದು. ಬೆಳಕಿನ ಅಗಳಿ ಇಲ್ಲದಿದ್ದರೆ ಲ್ಯಾಪ್‌ಟಾಪಿನ ಗ್ರೌಂಡ್ (ವಿದ್ಯುತ್ ಮರಳುವ ದಾರಿ) ಮತ್ತು ಮಾಡ್ಯೂಲಿನ ಗ್ರೌಂಡ್ ತಂತಿಯಲ್ಲೇ ಕೂಡಿಕೊಳ್ಳುತ್ತವೆ. ಚಾರ್ಜರಿನ ಗದ್ದಲವೆಲ್ಲ ಮಿಕ್ಸರಿಗೆ ಸೇರಿ ಸ್ಪೀಕರಿನಲ್ಲಿ ಹೊರಬರುತ್ತದೆ. ಪರೀಕ್ಷೆ ಸುಲಭ. ಸದ್ದು ಬರುತ್ತಿರುವಾಗಲೇ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿ. ಸದ್ದು ಅಡಗಿದರೆ ದೋಷ ಗ್ರೌಂಡಿನದು. ಇನ್ನೊಂದು ಮಾತು: ಕೀಬೋರ್ಡನ್ನು ಅದರದೇ ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿದರೂ ಸಾಮಾನ್ಯವಾಗಿ ಬೆಳಕಿನ ಅಗಳಿ ಇರುವುದಿಲ್ಲ. ವೇದಿಕೆಯ ಮೇಲೆ ಹಳೆಯ ಐದು ಪಿನ್ನಿನ ದಾರಿಯೇ ಎಷ್ಟೋ ಸಲ ಶುಚಿಯಾಗಿರುವುದು ಇದಕ್ಕೇ.

ನಿಲ್ಲದೆ ಎಳೆಯುವ ಸ್ವರದ ಕಾರಣ ಬೇರೆ. ಕೀಲಿ ಒತ್ತಿದ್ದು ಒಂದು ಸುದ್ದಿ, ಬಿಟ್ಟಿದ್ದು ಇನ್ನೊಂದು. ಎರಡನೆಯದು ದಾರಿಯಲ್ಲಿ ಕಳೆದುಹೋದರೆ ಮಾಡ್ಯೂಲಿಗೆ ಬೆರಳು ಇನ್ನೂ ಕೀಲಿಯ ಮೇಲಿದೆ ಎಂದೇ ಅನಿಸುತ್ತದೆ. ಅಗ್ಗದ ಕೇಬಲ್ಲುಗಳ ಚಿಪ್ಪಿನಲ್ಲಿ ಸುದ್ದಿಯನ್ನು ಕೂಡಿಡುವ ಜಾಗ ಕಡಿಮೆ. ಸ್ವರವನ್ನು ಜಾರಿಸುವ ಪಿಚ್ ಬೆಂಡ್ ಚಕ್ರವನ್ನು ಗರಗರ ತಿರುಗಿಸುತ್ತ ನಾಲ್ಕು ಸ್ವರ ಒಟ್ಟಿಗೆ ಬಿಟ್ಟರೆ ಒಂದೆರಡು ಉದುರಿ ಹೋಗುತ್ತವೆ. ಸಿಸೆಕ್ಸ್ ಎಂಬ ಉದ್ದದ ಸಂದೇಶಗಳಂತೂ, ಅಂದರೆ ಹಳೆಯ ವಾದ್ಯದ ಸ್ವರಗಳನ್ನೆಲ್ಲ ಕಂಪ್ಯೂಟರಿನಲ್ಲಿ ಉಳಿಸಿಡಲು ಬಳಸುವಂಥವು, ನಡುವೆಯೇ ಹರಿದು ಹೋಗುತ್ತವೆ. ಈ ಬಗೆಯ ಕೇಬಲ್ಲುಗಳಲ್ಲಿ ಬರುವ ಒಂದು ಚಿಪ್ಪಿನ ಸಿಸೆಕ್ಸ್ ದೋಷ ಎಷ್ಟು ಹೆಸರುವಾಸಿ ಎಂದರೆ, ಅದನ್ನು ಸರಿದೂಗಿಸಲೆಂದೇ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ಲಿನಲ್ಲಿ ಪ್ರತ್ಯೇಕ ಸಾಲುಗಳಿವೆ. ನಿಮ್ಮ ಕೇಬಲ್ಲನ್ನು ಹೀಗೆ ಪರೀಕ್ಷಿಸಿ: ವಿಂಡೋಸ್‌ನಲ್ಲಿ ಮಿಡಿ-ಆಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಒಂದು ಕೀಲಿಯನ್ನು ಇಪ್ಪತ್ತು ಸಲ ಬೇಗ ಬೇಗ ಒತ್ತಿ ಬಿಡಿ. ಪರದೆಯ ಮೇಲೆ ನಲವತ್ತು ಸಾಲು ಬರಬೇಕು. ಅನೇಕ ಕೀಬೋರ್ಡುಗಳು 'ಬಿಟ್ಟೆ' ಎಂಬುದನ್ನು 'ಸೊನ್ನೆ ಬಲದಿಂದ ಒತ್ತಿದೆ' ಎಂದು ಹೇಳುತ್ತವೆ, ಅದನ್ನು ಕಂಡು ಗಾಬರಿಯಾಗಬೇಡಿ. ಸಾಲು ಮೂವತ್ತೆಂಟೇ ಬಂದರೆ ಕೇಬಲ್ಲಿನ ಹಣೆಬರಹ ಗೊತ್ತಾಯಿತು.

ಎಲ್ಲ ಸದ್ದೂ ತಟ್ಟನೆ ನಿಲ್ಲುವುದರ ಬಗ್ಗೆ ನನ್ನ ಅನುಮಾನ ಆಕ್ಟಿವ್ ಸೆನ್ಸಿಂಗ್ ಎಂಬುದರ ಮೇಲೆ. ರೋಲ್ಯಾಂಡಿನವೂ ಸೇರಿದಂತೆ ಹಲವು ವಾದ್ಯಗಳು ಸುಮ್ಮನಿರುವಾಗಲೂ 'ನಾನು ಇಲ್ಲಿದ್ದೇನೆ' ಎಂದು ಸುಮಾರು 300 ಮಿಲಿಸೆಕೆಂಡಿನೊಳಗೆ ಒಂದು ಬೈಟ್ ಕಳುಹಿಸುತ್ತಲೇ ಇರುತ್ತವೆ. ಅದನ್ನು ಒಮ್ಮೆ ಕೇಳಿಸಿಕೊಂಡ ಮಾಡ್ಯೂಲ್ ಆಮೇಲೆ ಅಷ್ಟು ಹೊತ್ತು ಏನೂ ಬಾರದಿದ್ದರೆ ತಂತಿ ಕಿತ್ತು ಹೋಯಿತೆಂದು ತಿಳಿದು ಎಲ್ಲ ಸ್ವರಗಳ ಬಾಯಿ ಮುಚ್ಚಿಸುತ್ತದೆ. ಅಗ್ಗದ ಕೇಬಲ್ ಈ ಬೈಟನ್ನು ಒಮ್ಮೆ ದಾಟಿಸಿ ಒಮ್ಮೆ ನುಂಗಿದರೆ ನೀವು ಹೇಳಿದಂತೆಯೇ ಆಗುತ್ತದೆ. ಆಕ್ಟೊಪ್ಯಾಡಿನ ಔಟ್‌ನಿಂದ ಮಾಡ್ಯೂಲಿನ ಇನ್‌ಗೆ ನೇರವಾಗಿ ಒಂದು ಡಿನ್ ಕೇಬಲ್ ಹಾಕಿ ಒಂದು ತಾಸು ನುಡಿಸಿ. ಆಗ ತೊಂದರೆ ಬಾರದಿದ್ದರೆ ಮಾಡ್ಯೂಲಿನ ಮೇಲೆ ಸಂದೇಹ ಪಡಬೇಕಿಲ್ಲ.

ಇಷ್ಟಕ್ಕೆ ಆ ಕೇಬಲ್ಲನ್ನು ಎಸೆಯಬೇಕಿಲ್ಲ. ಮನೆಯಲ್ಲಿ ಅಭ್ಯಾಸಕ್ಕೆ ಇರಲಿ. ವೇದಿಕೆಗೆ ಮಾತ್ರ ಒಂದು ಇನ್, ಒಂದು ಔಟ್ ಇರುವ ನಂಬಿಕೆಯ ಇಂಟರ್‌ಫೇಸ್ ಬೇಕು. ರೋಲ್ಯಾಂಡಿನ ಯುಎಂ-ಒನ್ ಎಂಕೆ2 ಬಹುಕಾಲದಿಂದ ಇರುವ, ಬಹುತೇಕರು ದೂರದ ಸರಳ ಕೇಬಲ್. ಅದರ ಪಕ್ಕದ ಪುಟ್ಟ ಸ್ವಿಚ್ಚನ್ನು ಬದಲಿಸಿದರೆ ಟ್ಯಾಬ್ಲೆಟ್ಟಿಗೂ ಸಲ್ಲುತ್ತದೆ. ಯಾವುದನ್ನೇ ಕೊಳ್ಳಿ, ಡ್ರೈವರ್ ಹಾಕದೆಯೇ ನಡೆಯುವ 'ಕ್ಲಾಸ್ ಕಂಪ್ಲಯೆಂಟ್' ಬಗೆಯದೇ ಎಂದು ಕೇಳಿ. ಡ್ರೈವರ್ ಬೇಡುವ ಒಳ್ಳೊಳ್ಳೆಯ ಪೆಟ್ಟಿಗೆಗಳು ವಿಂಡೋಸ್ ಬದಲಾದಂತೆಲ್ಲ ಇಟ್ಟಿಗೆಗಳಾದದ್ದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅಂದ ಹಾಗೆ, ಈ ಕೇಬಲ್ಲುಗಳ ಪ್ಲಗ್ಗಿನ ಮೇಲೆ ಇನ್ ಎಂದು ಬರೆದದ್ದು ಸಾಮಾನ್ಯವಾಗಿ ವಾದ್ಯದ ಔಟ್‌ಗೆ ಹೋಗಬೇಕು. ಕೆಲವರು ತಿರುಗುಮುರುಗಾಗಿಯೂ ಬರೆಯುತ್ತಾರೆ. ಸದ್ದು ಬಾರದಿದ್ದರೆ ಅದಲುಬದಲು ಮಾಡಿ ನೋಡಿ, ಏನೂ ಸುಡುವುದಿಲ್ಲ.

ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದದ್ದು ಒಂದು ಕೆಂಪು ಎಲ್‌ಇಡಿ, ಎರಡು ಮೂರು ರೂಪಾಯಿಯದು. ಅದರ ಎರಡು ಕಾಲುಗಳನ್ನು ತುಸು ಅಗಲಿಸಿ ಕೀಬೋರ್ಡಿನ ಮಿಡಿ ಔಟ್ ಸಾಕೆಟ್ಟಿನಲ್ಲಿ ನಡುವಿನ ತೂತಿನ ಎಡಕ್ಕೂ ಬಲಕ್ಕೂ ಇರುವ ಎರಡು ತೂತುಗಳಿಗೆ ಸಿಕ್ಕಿಸಿ. ಅವೇ 4 ಮತ್ತು 5. ಈಗ ಕೀಲಿ ಒತ್ತಿದರೆ ದೀಪ ಮಿಣುಕೆನ್ನಬೇಕು. ಎನ್ನದಿದ್ದರೆ ಕಾಲು ಬದಲಿಸಿ ಸಿಕ್ಕಿಸಿ. ಉದ್ದದ ಕಾಲು 4ಕ್ಕೆ ಬರಬೇಕು. ರೆಸಿಸ್ಟರ್ ಬೇಡ, ಅದು ವಾದ್ಯದ ಒಳಗೇ ಇದೆ. ಬೆಳಕು ಮಂದ, ಹಗಲಿನಲ್ಲಿ ಕೈಯಿಂದ ಮರೆ ಮಾಡಿ ನೋಡಬೇಕಾಗುತ್ತದೆ. ಕೀಲಿ ಮುಟ್ಟದಿದ್ದರೂ ಸಣ್ಣಗೆ ತುಡಿಯುತ್ತಿದ್ದರೆ ಅದೇ ಮೇಲೆ ಹೇಳಿದ ಆಕ್ಟಿವ್ ಸೆನ್ಸಿಂಗ್ ಅಥವಾ ವಾದ್ಯಗಳ ಲಯ ಒಂದಾಗಿರಲೆಂದು ಹೋಗುವ ತಾಳದ ಗಡಿಯಾರದ (ಕ್ಲಾಕ್) ಸುದ್ದಿ. ಕೇಬಲ್ಲಿನ ಇನ್ನೊಂದು ತುದಿಯ ಅದೇ ಎರಡು ಪಿನ್ನುಗಳಿಗೆ ಎಲ್‌ಇಡಿ ತಾಗಿಸಿದರೆ ಕೇಬಲ್ ಸರಿಯಿದೆಯೇ ಎಂಬುದೂ ತಿಳಿಯುತ್ತದೆ. ನನ್ನ ಪೆಟ್ಟಿಗೆಯಲ್ಲಿ ಹಳೆಯ ಡಿನ್ ಪ್ಲಗ್ಗಿಗೆ ಬೆಸೆದ ಒಂದು ಎಲ್‌ಇಡಿ ಸದಾ ಇರುತ್ತದೆ. ಕಾರ್ಯಕ್ರಮಕ್ಕೆ ಹತ್ತು ನಿಮಿಷವಿರುವಾಗ 'ಸದ್ದು ಬರುತ್ತಿಲ್ಲ' ಎಂಬ ಕೂಗೆದ್ದರೆ ತಪ್ಪು ಯಾವ ತುದಿಯಲ್ಲಿದೆ ಎಂದು ಅರ್ಧ ನಿಮಿಷದಲ್ಲಿ ಹೇಳುತ್ತದೆ.

ಡಿನ್ ಕೇಬಲ್ಲಿಗೆ ಹೆಚ್ಚು ಹಣ ಕೊಡಬೇಡಿ. ಚಿನ್ನದ ಲೇಪನದ ಪ್ಲಗ್ಗಿನಿಂದ ಸ್ವರ ಇಂಪಾಗುವುದಿಲ್ಲ, ಅದರಲ್ಲಿ ಹೋಗುವುದು ಒಂದು ಮತ್ತು ಸೊನ್ನೆ. ಉದ್ದ 15 ಮೀಟರ್ ಮೀರದಿರಲಿ ಎಂದು ನಿಯಮವಿದೆ. ನಿಮ್ಮ ವೇದಿಕೆಗೆ ಮೂರು ಮೀಟರ್ ಸಾಕು. ಮನೆಯ ಹಳೆಯ ಟೇಪ್ ರೆಕಾರ್ಡರಿನ ಡಿನ್ ಕೇಬಲ್ ಬಳಸುವ ಆಸೆಯಾದರೆ ಮೊದಲು ಮಲ್ಟಿಮೀಟರಿನಲ್ಲಿ 4ರಿಂದ 4ಕ್ಕೆ, 5ರಿಂದ 5ಕ್ಕೆ ಸಂಪರ್ಕ ಇದೆಯೇ ನೋಡಿ. ನೋಡಲು ಒಂದೇ ತರಹ ಇದ್ದರೂ ಆಡಿಯೊ ಕೇಬಲ್ಲುಗಳಲ್ಲಿ ಕೆಲವು ತಂತಿಗಳನ್ನು ಅಡ್ಡ ದಾಟಿಸಿರುತ್ತಾರೆ. ನೀವೇ ಬೆಸೆಯುವುದಾದರೆ ಪಿನ್ನುಗಳ ಎಣಿಕೆ ಸಾಲಾಗಿ ಇಲ್ಲ ಎಂಬುದು ನೆನಪಿರಲಿ. ಒಂದು ಅಂಚಿನಿಂದ 1, 4, 2, 5, 3 ಎಂದು ಬರುತ್ತದೆ.

ಇನ್ನು ಹಣ ಬೇಡುವ ಜಾಗ, ಅಂದರೆ ಕೂಡಿಸುವುದು. ಎರಡು ಔಟ್‌ಗಳನ್ನು ಒಂದು ವೈ ಕೇಬಲ್ಲಿನಲ್ಲಿ ಸೇರಿಸಿ ಮಾಡ್ಯೂಲಿಗೆ ಕೊಟ್ಟರೆ ಆಗದೇ ಎಂದು ಎಲ್ಲರೂ ಕೇಳುತ್ತಾರೆ. ಆಗುವುದಿಲ್ಲ. ಒಂದೇ ವಾಹನ ಹೋಗುವಷ್ಟು ಕಿರಿದಾದ ಸೇತುವೆಗೆ ಎರಡು ರಸ್ತೆಗಳಿಂದ ಒಮ್ಮೆಗೇ ಲಾರಿ ನುಗ್ಗಿಸಿದಂತೆ. ಕೀಬೋರ್ಡಿನ ಒಂದು ಬೈಟು, ಪ್ಯಾಡಿನ ಅರ್ಧ ಬೈಟು ಬೆರೆತು ಮಾಡ್ಯೂಲಿಗೆ ತಲುಪುವುದು ಯಾವ ಭಾಷೆಯದೂ ಅಲ್ಲದ ಗೊಣಗು. ಸೇತುವೆಯ ಬಾಯಲ್ಲಿ ಒಬ್ಬ ಪೊಲೀಸಿನವನು ನಿಲ್ಲಬೇಕು. ಅವನು ಒಬ್ಬರ ಮೂರು ಬೈಟುಗಳ ಮಾತು ಪೂರ್ತಿ ಮುಗಿಯುವವರೆಗೆ ಇನ್ನೊಬ್ಬರನ್ನು ತಡೆಯಬೇಕು. ತಾಳದ ಗಡಿಯಾರದ ಒಂಟಿ ಬೈಟ್ ಬಂದರೆ ಆಂಬುಲೆನ್ಸಿನಂತೆ ನಡುವೆಯೇ ದಾರಿ ಬಿಡಬೇಕು. ಮೊದಲ ಬೈಟನ್ನು ಮತ್ತೆ ಮತ್ತೆ ಹೇಳದೆ ಉಳಿಸುವ 'ರನ್ನಿಂಗ್ ಸ್ಟೇಟಸ್' ಅಭ್ಯಾಸದ ವಾದ್ಯಗಳಿಗೆ ಆ ಬೈಟನ್ನು ತಾನೇ ಮತ್ತೆ ಸೇರಿಸಿ ಕೊಡಬೇಕು. ಇದಕ್ಕೆ ಬುದ್ಧಿ ಬೇಕು, ಅಂದರೆ ಒಂದು ಪುಟ್ಟ ಪ್ರೊಸೆಸರ್. ಮರ್ಜ್ ಎಂಬ ಕೂಡಿಸುವ ಪೆಟ್ಟಿಗೆಗೆ ಬೆಲೆ ಬರುವುದು ಅದರಿಂದಲೇ.

ಕೊಳ್ಳುವ ಮೊದಲು ನಿಮ್ಮ ವಾದ್ಯಗಳ ಕೈಪಿಡಿ ತೆರೆಯಿರಿ. ಕೆಲವು ವಾದ್ಯಗಳಲ್ಲಿ 'ಸಾಫ್ಟ್ ಥ್ರು' ಎಂಬ ಆಯ್ಕೆ ಇರುತ್ತದೆ. ಅದನ್ನು ಹಾಕಿದರೆ ಇನ್‌ಗೆ ಬಂದದ್ದನ್ನು ವಾದ್ಯ ತನ್ನದೇ ಮಾತಿನ ಜೊತೆ ಸೇರಿಸಿ ಔಟ್‌ನಲ್ಲಿ ಕಳುಹಿಸುತ್ತದೆ. ಅಂದರೆ ಪೊಲೀಸಿನವನು ಮನೆಯಲ್ಲೇ ಇದ್ದಾನೆ, ನೀವು ಮಾತನಾಡಿಸಿಲ್ಲ ಅಷ್ಟೇ. ನಿಮ್ಮ ಪ್ಯಾಡಿನಲ್ಲಿ ಅದು ಸಿಕ್ಕರೆ ಕೀಬೋರ್ಡ್ ಔಟ್‌ನಿಂದ ಪ್ಯಾಡ್ ಇನ್‌ಗೆ, ಪ್ಯಾಡ್ ಔಟ್‌ನಿಂದ ಮಾಡ್ಯೂಲಿಗೆ. ಅಥವಾ ಕೀಬೋರ್ಡಿನಲ್ಲಿದ್ದರೆ ತಿರುಗುಮುರುಗು. ಖರ್ಚು ಎರಡು ಕೇಬಲ್. ಮುಂದಿನ ವಾದ್ಯ ಹಾದುಹೋಗುವ ಸುದ್ದಿಗೆ ತಾನೂ ನುಡಿಯದಂತೆ ಚಾನೆಲ್ ಬೇರೆ ಮಾಡಿಕೊಳ್ಳಬೇಕು, ಅದನ್ನು ಮುಂದೆ ಹೇಳುತ್ತೇನೆ.

ಸಾಫ್ಟ್ ಥ್ರು ಸಿಗದಿದ್ದರೆ ಎರಡು ದಾರಿ. ಸಿದ್ಧ ಪೆಟ್ಟಿಗೆಗಳಲ್ಲಿ ಕೆನಡಾದ ಮಿಡಿ ಸೊಲ್ಯೂಷನ್ಸ್, ಇಂಗ್ಲೆಂಡಿನ ಕೆಂಟನ್ ಕಂಪನಿಗಳವು ಒಳ್ಳೆಯವು. ಮೊದಲಿನವರ ಪೆಟ್ಟಿಗೆಗಳು ಮಿಡಿ ತಂತಿಯಿಂದಲೇ ವಿದ್ಯುತ್ ಹೀರಿಕೊಳ್ಳುತ್ತವೆ, ಅಡಾಪ್ಟರ್ ಬೇಡ. ಎರಡು ಇನ್ ಇರುವುದನ್ನೇ ಕೇಳಿ. ನಾಲ್ಕು ಇನ್ ಇರುವುದಕ್ಕೆ ಆಸೆ ಪಡಬೇಡಿ. ಎರಡನೆಯ ದಾರಿ, ನಿಮ್ಮಲ್ಲಿ ಯಾರಿಗಾದರೂ ಬೆಸುಗೆ ಹಾಕಲು ಬಂದರೆ, ರಾಸ್ಪ್‌ಬೆರಿ ಪೈ ಪಿಕೊ ಎಂಬ ಪುಟ್ಟ ಬೋರ್ಡು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಇದಕ್ಕೆ ಎರಡು ಸೀರಿಯಲ್ ಬಾಗಿಲುಗಳಿವೆ, ಅಂದರೆ ಎರಡು ಕಿವಿ. ನಮಗೆ ಬೇಕಾದದ್ದು ಅಷ್ಟೇ. ಪ್ರತಿ ಇನ್‌ಗೆ ಒಂದು ಎಚ್11ಎಲ್1 ಆಪ್ಟೊಕಪ್ಲರ್, 220 ಓಮ್ ರೆಸಿಸ್ಟರ್, ಒಂದು 1ಎನ್4148 ಡಯೋಡ್. ಔಟ್‌ಗೆ 3.3 ವೋಲ್ಟಿನ ಲೆಕ್ಕದಲ್ಲಿ 4ನೇ ಪಿನ್ನಿಗೆ 33 ಓಮ್, 5ಕ್ಕೆ 10 ಓಮ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಅಲೆದರೆ ಎಲ್ಲವೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತವೆ. ಬೋರ್ಡಿನ ಪ್ರೋಗ್ರಾಂ ಅನ್ನು ಸೊನ್ನೆಯಿಂದ ಬರೆಯಬೇಕಿಲ್ಲ, ಇಂಥ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುವ ಆರ್ಡುಯಿನೊ ತಂತ್ರಾಂಶದ ಮಿಡಿ ಲೈಬ್ರರಿ ಸಂದೇಶಗಳನ್ನು ಇಡಿಯಾಗಿ ಓದಿ ಕೊಡುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಇನ್ ಸಾಕೆಟ್ಟಿನ 2ನೇ ಪಿನ್ನನ್ನು ಎಲ್ಲಿಗೂ ಬೆಸೆಯಬೇಡಿ. ಔಟ್‌ನಲ್ಲಿ ಅದು ಗ್ರೌಂಡಿಗೆ ಹೋಗಬೇಕು, ಇನ್‌ನಲ್ಲಿ ಖಾಲಿ ಇರಬೇಕು. 'ಖಾಲಿ ಬಿಟ್ಟಿದ್ದಾರಲ್ಲ' ಎಂದು ಒಳ್ಳೆಯ ಮನಸ್ಸಿನಿಂದ ಬೆಸೆದವರು ಗುಂಯ್ ಸದ್ದನ್ನು ಕೈಯಾರೆ ಕರೆತಂದಿರುತ್ತಾರೆ. ಇನ್ನೊಂದು, ಪಿಕೊಗೆ ಪವರ್ ಬ್ಯಾಂಕ್ ಹಾಕಬೇಡಿ. ಅದು ಎಳೆಯುವ ವಿದ್ಯುತ್ ಎಷ್ಟು ಕಡಿಮೆ ಎಂದರೆ, ಎಷ್ಟೋ ಪವರ್ ಬ್ಯಾಂಕುಗಳು ಏನೂ ಜೋಡಿಸಿಲ್ಲವೆಂದು ತಿಳಿದು ಸ್ವಲ್ಪ ಹೊತ್ತಿನಲ್ಲೇ ತಾವಾಗಿ ಮಲಗುತ್ತವೆ. ಒಂದು ಮದುವೆಯಲ್ಲಿ, ಗಾಯಕಿ ಪಲ್ಲವಿ ಮುಗಿಸಿ ಉಸಿರೆಳೆದ ಹೊತ್ತಿಗೆ, ನನ್ನ ಪೆಟ್ಟಿಗೆ ಹೀಗೆ ಮಲಗಿತು. ಚರಣಕ್ಕೆ ಮುಂಚಿನ ಸಂಗೀತವನ್ನು ತಬಲಾದವರು ಒಬ್ಬರೇ ನುಡಿಸಿದರು. ಹಳೆಯ ಮೊಬೈಲ್ ಚಾರ್ಜರ್ ಸಾಕು.

ಹಂಚುವ ಥ್ರು ಪೆಟ್ಟಿಗೆಯ ವಿಷಯಕ್ಕೆ ಹೆಚ್ಚು ಹೊತ್ತು ಬೇಡ, ಏಕೆಂದರೆ ನಿಮಗೆ ಅದು ಬೇಕೇ ಇಲ್ಲ. ಮಾಡ್ಯೂಲಿನ ಹಿಂದೆ ಥ್ರು ಎಂಬ ಸಾಕೆಟ್ ಇದ್ದರೆ, ಇನ್‌ಗೆ ಬಂದದ್ದೆಲ್ಲ ಅಲ್ಲಿ ಹಾಗೆಯೇ ಹೊರಬರುತ್ತದೆ. ಅದನ್ನು ಯುಎಸ್‌ಬಿ ಇಂಟರ್‌ಫೇಸಿನ ಮೂಲಕ ಲ್ಯಾಪ್‌ಟಾಪಿಗೆ ಕೊಡಿ. ಕೀಬೋರ್ಡ್ ಮತ್ತು ಪ್ಯಾಡ್ ಎರಡೂ ಮರ್ಜ್‌ಗೆ, ಮರ್ಜ್ ಮಾಡ್ಯೂಲಿಗೆ, ಮಾಡ್ಯೂಲಿನ ಥ್ರು ಲ್ಯಾಪ್‌ಟಾಪಿಗೆ. ರೆಕಾರ್ಡಿಂಗ್ ಆಗುತ್ತದೆ, ಮತ್ತು ಮುಖ್ಯವಾಗಿ ಕಾರ್ಯಕ್ರಮದ ನಡುವೆ ವಿಂಡೋಸ್ ಅಪ್‌ಡೇಟ್ ಮಾಡಲು ಕುಳಿತರೂ ಹಾಡು ನಿಲ್ಲುವುದಿಲ್ಲ. ಲ್ಯಾಪ್‌ಟಾಪ್ ಇಲ್ಲಿ ಕೇಳುಗ ಮಾತ್ರ. ನೀವು ಈಗ ಬಹುಶಃ ಎಲ್ಲವನ್ನೂ ಅದರ ಹೊಟ್ಟೆಯ ಮೂಲಕ ಹಾಯಿಸುತ್ತಿದ್ದೀರಿ, ಅದು ಬೇಡ.

ಮುಂದೆ ನಾಲ್ಕೈದು ಮಾಡ್ಯೂಲ್ ಸೇರಿದರೆ ಥ್ರುನಿಂದ ಥ್ರುಗೆ ಸರಪಣಿ ಕಟ್ಟುತ್ತ ಹೋಗಬೇಡಿ. ಸರಪಣಿ ಉದ್ದವಾದರೆ ಸ್ವರ ತಡವಾಗುತ್ತದೆ ಎಂದು ಹಳಬರು ಹೇಳುವುದುಂಟು. ನಿಜವಾದ ತೊಂದರೆ ತಡವಲ್ಲ, ಒಂದು ಥ್ರುನಲ್ಲಿ ಆಗುವ ತಡ ಕೆಲವು ಮೈಕ್ರೊಸೆಕೆಂಡ್. ಆಪ್ಟೊಕಪ್ಲರಿನ ದೀಪ ಹತ್ತುವ ವೇಗಕ್ಕೂ ಆರುವ ವೇಗಕ್ಕೂ ವ್ಯತ್ಯಾಸವಿದೆ. ಪ್ರತಿ ಹಂತದಲ್ಲೂ ಬಿಟ್ಟುಗಳ ಅಂಚು ಸ್ವಲ್ಪ ಸ್ವಲ್ಪ ಸವೆಯುತ್ತದೆ, ಮೂರು ನಾಲ್ಕು ದಾಟಿದ ಮೇಲೆ ಓದುವುದು ಕಷ್ಟ. ಆಗ ಒಂದು ಆಪ್ಟೊಕಪ್ಲರ್, ಒಂದು 74ಎಚ್‌ಸಿ14 ಚಿಪ್, ಒಂದಿಷ್ಟು 220 ಓಮ್ ರೆಸಿಸ್ಟರ್ ಹಾಕಿ ಐದು ಔಟ್‌ನ ಪೆಟ್ಟಿಗೆ ಮಾಡಬಹುದು. ಕಂಪ್ಯೂಟರ್ ಜ್ಞಾನವೇ ಬೇಡ. ಹಂಚುವುದು ಅಗ್ಗ ಎಂದದ್ದು ಇದಕ್ಕೆ.

ಯುಎಸ್‌ಬಿ ಮಾತ್ರ ಇರುವ ಪುಟ್ಟ ಕೀಬೋರ್ಡನ್ನು ಲ್ಯಾಪ್‌ಟಾಪಿಗೇ ಬಿಟ್ಟುಬಿಡಿ. ಯುಎಸ್‌ಬಿಯಲ್ಲಿ ಒಬ್ಬ ಯಜಮಾನ, ಉಳಿದವರು ಆಳು. ನಿಮ್ಮ ಪುಟ್ಟ ಕೀಬೋರ್ಡೂ ಆಳು, ನೀವು ತಂದ ಮಿಡಿ ಕೇಬಲ್ಲೂ ಆಳು. ಯಜಮಾನನಿಲ್ಲದೆ ಇಬ್ಬರೂ ಮಾತನಾಡುವುದಿಲ್ಲ. ಪುಟ್ಟ ಕೀಬೋರ್ಡನ್ನು ಮಾಡ್ಯೂಲಿಗೆ ನೇರ ಜೋಡಿಸುತ್ತೇವೆಂದು ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ಐದು ಪಿನ್ ಇರುವ ಬರಿಯ ತಂತಿ ಮಾರುತ್ತಾರೆ, ಅದಕ್ಕೆ ಕೊಟ್ಟ ಹಣ ಹೊಳೆಗೆ ಹಾಕಿದಂತೆ. ಯಜಮಾನನ ಕೆಲಸ ಮಾಡುವ ಯುಎಸ್‌ಬಿ ಹೋಸ್ಟ್ ಪೆಟ್ಟಿಗೆಗಳಿವೆ. ಆದರೆ 25 ಕೀಲಿಗಾಗಿ ಆ ಖರ್ಚು ನನಗೆ ಸರಿ ಕಾಣುವುದಿಲ್ಲ. ಮನೆಯಲ್ಲಿ ಹಳೆಯ ರಾಸ್ಪ್‌ಬೆರಿ ಪೈ (ಪಿಕೊ ಅಲ್ಲ, ಲಿನಕ್ಸ್ ಓಡಿಸುವ ಪುಟ್ಟ ಕಂಪ್ಯೂಟರ್) ಇದ್ದರೆ ಮಾತು ಬೇರೆ. ಲಿನಕ್ಸ್‌ನ 'ಎಕನೆಕ್ಟ್' ಆಜ್ಞೆಯೊಂದರಿಂದ ಪುಟ್ಟ ಕೀಬೋರ್ಡನ್ನೂ ಮಿಡಿ ಕೇಬಲ್ಲನ್ನೂ ಅದು ಕೂಡಿಸುತ್ತದೆ.

ಲ್ಯಾಪ್‌ಟಾಪಿನ ಸ್ವರಗಳನ್ನು ಪುಟ್ಟ ಕೀಬೋರ್ಡಿನಿಂದ ನುಡಿಸುವಾಗ ಕೀಲಿ ಒತ್ತಿದ ಮೇಲೆ ಸ್ವರ ಹಿಂದೆ ಬೀಳುತ್ತಿದೆ ಎನಿಸಿದರೆ ಮಿಡಿಯನ್ನು ಬೈಯಬೇಡಿ. ತಪ್ಪು ಆಡಿಯೊ ಬಫರಿನದು, ಅಂದರೆ ಲ್ಯಾಪ್‌ಟಾಪ್ ಧ್ವನಿಯನ್ನು ಹೊರಬಿಡುವ ಮೊದಲು ಕೂಡಿಡುವ ಜಾಗದ್ದು. 44,100 ಹರ್ಟ್ಸ್‌ನಲ್ಲಿ 512 ಸ್ಯಾಂಪಲ್‌ಗೆ ಸುಮಾರು 11.6 ಮಿಲಿಸೆಕೆಂಡ್, 128ಕ್ಕೆ 2.9. ವಿಂಡೋಸ್‌ನ ಮಾಮೂಲು ಡ್ರೈವರ್ ಇನ್ನೂ ಹೆಚ್ಚು ತಡ ಮಾಡುತ್ತದೆ. ತಡ ಕಡಿಮೆ ಮಾಡುವ ಆಸಿಯೊ ಎಂಬ ಆಡಿಯೊ ಡ್ರೈವರ್ ಹಾಕಿ ಬಫರ್ ಇಳಿಸಿ. ಮಿಡಿ ಕೇಬಲ್ ಬದಲಿಸಿ ಈ ತಡ ಕಳೆಯುತ್ತೇವೆಂದು ಹೊರಟವರು ಮೂರು ಕೇಬಲ್ ಕೊಂಡಿದ್ದಾರೆ, ತಡ ಅಲ್ಲೇ ಇದೆ.

ಚಾನೆಲ್ ಮಾತು ಬಾಕಿ ಇತ್ತು. ಒಂದು ತಂತಿಯಲ್ಲಿ 16 ಚಾನೆಲ್. ಕೀಬೋರ್ಡ್ 1, ಪ್ಯಾಡ್ 10 ಎಂದು ನಿಗದಿ ಮಾಡಿ; ತಾಳವಾದ್ಯಕ್ಕೆ 10 ಎಂಬುದು ರೂಢಿ. ಮಾಡ್ಯೂಲ್ ಎರಡನ್ನೂ ಕೇಳಲಿ. ಸಾಫ್ಟ್ ಥ್ರು ದಾರಿಯಲ್ಲಿ ಪ್ಯಾಡಿನ ಸುದ್ದಿ ಕೀಬೋರ್ಡನ್ನು ಹಾದುಹೋಗುವುದಾದರೆ ಕೀಬೋರ್ಡ್ ಎಲ್ಲ ಚಾನೆಲ್ಲಿಗೂ ಓಗೊಡುವ ಆಮ್ನಿ ಸ್ಥಿತಿಯಲ್ಲಿ ಇರಕೂಡದು. ಒಮ್ಮೆ ನಾವು ಇದನ್ನು ಮರೆತಿದ್ದಾಗ, ದೇವರ ನಾಮದ ನಡುವೆ ಪ್ಯಾಡಿನ ಮೇಲೆ ಒಂದೊಂದು ಏಟು ಬಿದ್ದಾಗಲೂ ಕೀಬೋರ್ಡು ಶಹನಾಯಿಯ ಸ್ವರದಲ್ಲಿ ಪೇಂ ಎನ್ನುತ್ತಿತ್ತು. ನಮ್ಮ ಪ್ಯಾಡಿನ ಹುಡುಗ ಏಟು ತಪ್ಪಿತೆಂದುಕೊಂಡು ಇನ್ನೂ ಜೋರಾಗಿ ಹೊಡೆದ. ಲ್ಯಾಪ್‌ಟಾಪಿನ ಔಟ್ ಅನ್ನು ಮರಳಿ ಕೀಬೋರ್ಡಿನ ಇನ್‌ಗೆ ಹಾಕುವುದಾದರೆ ಕೀಬೋರ್ಡಿನ ಕೀಲಿ ತನ್ನದೇ ಸ್ವರವನ್ನು ನೇರವಾಗಿ ನುಡಿಸುವ 'ಲೋಕಲ್ ಕಂಟ್ರೋಲ್' ಅನ್ನು ಆಫ್ ಮಾಡಿ. ಇಲ್ಲವಾದರೆ ಒಂದೇ ಸ್ವರ ಎರಡು ಸಲ ನುಡಿದು ಡಬ್ಬಿಯೊಳಗಿನ ಸದ್ದಿನಂತೆ ಕೇಳುತ್ತದೆ.

ಎರಡು ಸಣ್ಣ ವಿಷಯ. ಮುಂದೆಂದಾದರೂ 3.5 ಮಿಲಿಮೀಟರಿನ ಇಯರ್‌ಫೋನ್ ತರಹದ ಮಿಡಿ ಸಾಕೆಟ್ ಇರುವ ವಾದ್ಯ ಕೊಂಡರೆ, ಅದರ ಜೋಡಣೆ ಎ ಬಗೆಯದೋ ಬಿ ಬಗೆಯದೋ ಎಂದು ಕೇಳಿ ಅಡಾಪ್ಟರ್ ಕೊಳ್ಳಿ. 2018ರಲ್ಲಿ ಎ ಬಗೆಯನ್ನೇ ಪ್ರಮಾಣವೆಂದು ಒಪ್ಪಿದರು. ಕೊರ್ಗ್ ಮೊದಲಿನಿಂದ ಎ, ಆರ್ಟೂರಿಯಾ ಮತ್ತು ನೊವೇಷನ್‌ನ ಹಳೆಯ ಕೆಲವು ವಾದ್ಯಗಳು ಬಿ. ತಪ್ಪಿದರೆ ಹಾನಿಯಿಲ್ಲ, ಮೌನ ಅಷ್ಟೇ. ಬ್ಲೂಟೂತ್ ಮಿಡಿ ಮನೆಯಲ್ಲಿ ಚೆನ್ನ. ಸಾವಿರ ಜನ ಮೊಬೈಲ್ ಎತ್ತಿ ಹಿಡಿದ ಗಣೇಶನ ಪೆಂಡಾಲಿನಲ್ಲಿ ನಾನು ಅದನ್ನು ನಂಬುವುದಿಲ್ಲ.

ಹಾಗಾಗಿ ಮೊದಲು ಎಲ್‌ಇಡಿ ತಂದು ನಿಮ್ಮ ಎರಡು ಔಟ್‌ಗಳನ್ನು ನೋಡಿ, ಆಮೇಲೆ ಕೈಪಿಡಿಯಲ್ಲಿ ಸಾಫ್ಟ್ ಥ್ರು ಹುಡುಕಿ. ಸಿಕ್ಕರೆ ಇಂಟರ್‌ಫೇಸ್ ಒಂದನ್ನೇ ಕೊಂಡು ಮುಗಿಸಿ. ಸಿಗದಿದ್ದರೆ ಎರಡು ಇನ್‌ನ ಮರ್ಜ್ ಕೊಳ್ಳಬೇಕೋ, ಪಿಕೊದಲ್ಲಿ ಮಾಡಬೇಕೋ ಎಂಬುದು ನಿಮ್ಮಲ್ಲಿ ಬೆಸುಗೆ ಬಲ್ಲವರು ಯಾರಿದ್ದಾರೆ ಎಂಬುದರ ಮೇಲೆ. ಮಾಡುವುದಾದರೆ ದಸರಾ ಕಳೆದ ಮೇಲೆ ಕೂತು ಮಾಡಿ, ಕಾರ್ಯಕ್ರಮದ ಹಿಂದಿನ ರಾತ್ರಿ ಬೇಡ. ಇಷ್ಟಾದ ಮೇಲೂ ಸ್ವರ ಎಳೆದರೆ, ಯಾವ ತುದಿಯಲ್ಲಿ ದೀಪ ಮಿನುಗುತ್ತಿತ್ತು, ಯಾವ ತುದಿಯಲ್ಲಿ ಮಿನುಗಲಿಲ್ಲ ಎಂದು ಬರೆದು ಕಳುಹಿಸಿ.